ಪರಂಗಿ ಹಣ್ಣು ಕೊಡಬೇಡಿ: ಬೊಗೋಟಾಕ್ಕೆ ಹೊರಡುವವರಿಗೆ ಒಂದಿಷ್ಟು ಕಿವಿಮಾತು

ಕೊಲಂಬಿಯಾಕ್ಕೆ ಹೋಗುತ್ತೇನೆ ಅಂದರೆ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ಒಂದು, 'ಅಲ್ಲಿ ನೋಡೋಕೆ ಏನಿದೆ?' ಇನ್ನೊಂದು, 'ಅಲ್ಲಿ ಬರೀ ಡ್ರಗ್ಸ್, ಗುಂಡು ಅಂತಾರಲ್ಲ, ಸೇಫಾ?' ಪುಣೆಯ ನಮ್ಮ ಆಫೀಸಿನಿಂದ ಐದು ತಿಂಗಳ ಪ್ರಾಜೆಕ್ಟಿಗೆ ಕೊಲಂಬಿಯಾದ ರಾಜಧಾನಿ ಬೊಗೋಟಾಕ್ಕೆ ಹೊರಟಾಗ ನಾನೂ ಈ ಪ್ರಶ್ನೆಗಳನ್ನು ದಿನಾ ಕೇಳಿಸಿಕೊಂಡೆ. ಕೊನೆಯ ಎರಡು ವಾರ ಅಮ್ಮನೂ ಅಲ್ಲಿಗೆ ಬಂದಿದ್ದರು. ಅವರಿಗೆ 67 ವರ್ಷ, ದಿನಾ ಬಿ.ಪಿ. ಮಾತ್ರೆ ಬೇಕು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಹೀಗಾಗಿ ಕೆಲಸಕ್ಕೆ ಹೋಗುವವರಿಗೆ ಏನು ಬೇಕು, ವಯಸ್ಸಾದವರನ್ನು ಕರೆದೊಯ್ಯುವವರಿಗೆ ಏನು ಬೇಕು ಎಂಬ ಎರಡೂ ಲೆಕ್ಕ ನನ್ನ ಹತ್ತಿರ ಇದೆ.

'ಸೇಫಾ?' ಎಂಬ ಪ್ರಶ್ನೆಗೆ ಆ ಊರಿನವರೇ ಒಂದು ಉತ್ತರ ಇಟ್ಟುಕೊಂಡಿದ್ದಾರೆ: 'ನೋ ದಾರ್ ಪಪಾಯಾ'. ಪದಶಃ ಅರ್ಥ, 'ಪರಂಗಿ ಹಣ್ಣು ಕೊಡಬೇಡ'. ಹೆಚ್ಚಿದ ಹಣ್ಣನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರೆ ದಾರಿಹೋಕ ತಿಂದೇ ತಿನ್ನುತ್ತಾನೆ, ಆಮೇಲೆ ಅವನನ್ನು ಬೈದು ಏನು ಪ್ರಯೋಜನ ಎಂಬ ಧಾಟಿ. ಹೆದರಿ ಮನೆಯಲ್ಲಿ ಕೂರು ಎಂದು ಈ ಮಾತು ಹೇಳುವುದಿಲ್ಲ. ಮೈಮರೆತು ಅವಕಾಶ ಮಾಡಿಕೊಡಬೇಡ ಎನ್ನುತ್ತದೆ, ಅಷ್ಟೇ. ಅಲ್ಲಿ ಇದನ್ನು ಕಳ್ಳರ ವಿಷಯಕ್ಕೆ ಬಳಸುತ್ತಾರೆ. ನನಗೆ ಮಾತ್ರ ಭಾರತದಿಂದ ಹೊರಡುವವರ ಇಡೀ ಪ್ರವಾಸಕ್ಕೇ ಇದು ಹೊಂದುತ್ತದೆ ಅನ್ನಿಸಿದೆ. ನಾವು ಮೊದಲ ಪರಂಗಿ ಹಣ್ಣನ್ನು ಕೊಡುವುದು ಬೊಗೋಟಾದ ಬೀದಿಯಲ್ಲಿ ಅಲ್ಲ, ಇಲ್ಲಿ ಟಿಕೆಟ್ ಬುಕ್ ಮಾಡುವಾಗಲೇ.

ಎಲ್ಲಕ್ಕಿಂತ ಮೊದಲು ಹಳದಿ ಕಾರ್ಡು

ಅಮೆರಿಕ, ಯೂರೋಪಿನವರು ಬರೆದ ಪ್ರವಾಸಿ ಪುಸ್ತಕಗಳನ್ನು ನೋಡಿ ಹೊರಟರೆ ಈ ವಿಷಯ ತಪ್ಪಿಹೋಗುತ್ತದೆ. ಯೆಲ್ಲೋ ಫೀವರ್, ಅಂದರೆ ಹಳದಿ ಜ್ವರ, ಸೊಳ್ಳೆಯಿಂದ ಹರಡುವ ಕಾಯಿಲೆ. ಬೊಗೋಟಾ ಇರುವ ಎತ್ತರದಲ್ಲಿ ಆ ಸೊಳ್ಳೆ ಬದುಕುವುದಿಲ್ಲ, ಹಾಗಾಗಿ ನಗರದೊಳಗೆ ಅದರ ಭಯವಿಲ್ಲ. ಆದರೆ ಕೊಲಂಬಿಯಾದ ತಗ್ಗಿನ ಬಿಸಿ ಪ್ರದೇಶಗಳಲ್ಲಿ ಕಾಯಿಲೆ ಇದೆ. 2025ರಲ್ಲಿ ಅಲ್ಲಿನ ಸರ್ಕಾರ ಆರೋಗ್ಯ ತುರ್ತು ಪರಿಸ್ಥಿತಿಯನ್ನೂ ಘೋಷಿಸಿತ್ತು. ನಮ್ಮ ದೇಶದಲ್ಲಿ ಈ ಕಾಯಿಲೆ ಇಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಧಾರಾಳವಾಗಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಅದು. ಒಬ್ಬ ರೋಗಿ ಬಂದಿಳಿದರೂ ಸಾಕು ಎಂಬ ಆತಂಕದಿಂದ ಭಾರತ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ನಿಯಮ ಹೀಗಿದೆ: ಪಟ್ಟಿಯಲ್ಲಿರುವ ದೇಶದಿಂದ ಹೊರಟ ಆರು ದಿನದೊಳಗೆ, ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಭಾರತಕ್ಕೆ ಬಂದಿಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಕೊಲಂಬಿಯಾ, ಬ್ರೆಜಿಲ್, ಪೆರು, ಅರ್ಜೆಂಟೀನಾ, ಬೊಲಿವಿಯಾ, ಈಕ್ವೆಡಾರ್ ಎಲ್ಲವೂ ಆ ಪಟ್ಟಿಯಲ್ಲಿವೆ. ನನ್ನ ಪರಿಚಿತರೊಬ್ಬರು ಕಾರ್ಡಿಲ್ಲದೆ ಬಂದಿಳಿದು, ಮನೆಯವರು ಏರ್‌ಪೋರ್ಟ್ ಹೊರಗೆ ಹೂವು ಹಿಡಿದು ಕಾಯುತ್ತಿದ್ದಾಗಲೇ ಕ್ವಾರಂಟೈನ್ ಕೋಣೆ ಸೇರಿದರು. ಅದೇ ವಾರವಿದ್ದ ತಂಗಿಯ ನಿಶ್ಚಿತಾರ್ಥವನ್ನು ವಿಡಿಯೊ ಕಾಲ್‌ನಲ್ಲಿ ನೋಡಬೇಕಾಯಿತು.

ಲಸಿಕೆ ಒಂದೇ ಡೋಸ್, ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಆದರೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಅದು ಊರ್ಜಿತ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್ ಎಲ್ಲ ಕಡೆಯೂ ಇವೆ, ಪಟ್ಟಿ ಕೇಂದ್ರ ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಬಹುತೇಕ ಕೇಂದ್ರಗಳು ವಾರದಲ್ಲಿ ಇಂಥ ದಿನ ಎಂದು ಗೊತ್ತುಮಾಡಿ ಜನರನ್ನು ಒಟ್ಟಿಗೆ ಕರೆಯುತ್ತವೆ. ಒಂದು ತಿಂಗಳು ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಮೂಲ ಪಾಸ್‌ಪೋರ್ಟ್ ಒಯ್ಯಿರಿ.

ಅಪ್ಪ ಅಮ್ಮನ ಜತೆ ಹೊರಡುವವರು ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. 60 ದಾಟಿದವರಲ್ಲಿ ಈ ಲಸಿಕೆಯ ಗಂಭೀರ ಅಡ್ಡಪರಿಣಾಮ, ಅಪರೂಪವಾದರೂ, ಸ್ವಲ್ಪ ಹೆಚ್ಚು. ಮೊಟ್ಟೆಯ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೂ ಎಚ್ಚರ ಬೇಕು. ನಮ್ಮ ಡಾಕ್ಟರು ಅಮ್ಮನ ಫೈಲು ನೋಡಿ, ಬೇಡವೇ ಬೇಡ ಎಂದರು. ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ವರ್ಷ ಅಮ್ಮ ನ್ಯೂಜೆರ್ಸಿಯ ಅಣ್ಣನ ಮನೆಗೆ ಹೋಗುವುದಿತ್ತು. ಅಲ್ಲಿಂದಲೇ ಬೊಗೋಟಾಕ್ಕೆ ಬಂದು, ಮತ್ತೆ ಅಲ್ಲಿಗೇ ಹಿಂದಿರುಗಿ, ಮೂರು ವಾರ ಇದ್ದು ಭಾರತಕ್ಕೆ ವಾಪಸಾದರು. ಕೊಲಂಬಿಯಾ ಬಿಟ್ಟು ಆರು ದಿನ ಎಂದೋ ಕಳೆದಿತ್ತು. ಮಕ್ಕಳು ಅಮೆರಿಕದಲ್ಲಿರುವ ಮನೆಯವರಿಗೆ ಇದು ಸಲೀಸಾದ ದಾರಿ. ನ್ಯೂಯಾರ್ಕ್ ಸುತ್ತಮುತ್ತಲಿಂದ ಆರು ಗಂಟೆಯೊಳಗಿನ ವಿಮಾನ ಪ್ರಯಾಣ, ಗಡಿಯಾರದ ವ್ಯತ್ಯಾಸವೂ ಹೆಚ್ಚೆಂದರೆ ಒಂದು ಗಂಟೆ. ಅಂಥ ಅನುಕೂಲ ಇಲ್ಲದವರು, ಲಸಿಕೆಯೂ ಆಗದು ಎಂದಾದರೆ, ಪಟ್ಟಿಯಲ್ಲಿಲ್ಲದ ಚಿಲಿ ಅಥವಾ ಉರುಗ್ವೆಯ ರಾಜಧಾನಿಯನ್ನು ನೋಡುವುದು ಮೇಲು.

ವೀಸಾ, ವಿಮಾನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೊಲಂಬಿಯಾದ ವೀಸಾ ಬೇಕು. ಆದರೆ ಒಳಗೆ ಕಾಲಿಡುವ ದಿನಕ್ಕೆ ಕನಿಷ್ಠ 180 ದಿನ ಅವಧಿ ಉಳಿದಿರುವ ಅಮೆರಿಕದ ಅಥವಾ ಷೆಂಗೆನ್ ವೀಸಾ ಇದ್ದರೆ ಪ್ರವಾಸಿಗರಿಗೆ ವಿನಾಯಿತಿ ಇದೆ. ಹತ್ತು ವರ್ಷದ ಅಮೆರಿಕ ವೀಸಾ ಪಡೆದ ಅಪ್ಪ ಅಮ್ಮಂದಿರು ನಮ್ಮಲ್ಲಿ ಎಷ್ಟಿಲ್ಲ! ಇಲ್ಲದವರು ಕೊಲಂಬಿಯಾದ ವಿದೇಶಾಂಗ ಇಲಾಖೆಗೆ ಆನ್‌ಲೈನ್ ಅರ್ಜಿ ಹಾಕಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್‌ಗೆ ದುಡ್ಡು ಕಟ್ಟುವ ಮುನ್ನ ದೆಹಲಿಯ ರಾಯಭಾರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ವಿಮಾನ ಹೊರಡುವ ಮುಂಚಿನ 72 ಗಂಟೆಯೊಳಗೆ 'ಚೆಕ್-ಮಿಗ್' ಎಂಬ ವಲಸೆ ಇಲಾಖೆಯ ಫಾರ್ಮ್ ತುಂಬಬೇಕು. ಅದು ಉಚಿತ. ಹಣ ಕೇಳುವ ಸೈಟ್ ಎದುರಾದರೆ ಅದು ಬೇರೆ ಯಾರದ್ದೋ ಅಂಗಡಿ.

ಭಾರತದಿಂದ ನೇರ ವಿಮಾನವಿಲ್ಲ. ಯೂರೋಪ್, ಇಸ್ತಾಂಬುಲ್, ಅಮೆರಿಕ, ಈ ಮೂರು ದಾರಿ. ಟಿಕೆಟ್ ನೋಡುವಾಗ ವಿಮಾನ ಎಲ್ಲೆಲ್ಲಿ ನೆಲ ಮುಟ್ಟುತ್ತದೆ ನೋಡಿ. ದುಬೈಯಿಂದ ಬೊಗೋಟಾಕ್ಕೆ ಹೋಗುವ ವಿಮಾನ ಮಿಯಾಮಿಯಲ್ಲಿ ಇಳಿದು ಹೋಗುತ್ತದೆ. ಅಮೆರಿಕದಲ್ಲಿ ಒಂದು ಗಂಟೆ ನಿಂತು ಮುಂದೆ ಹೋಗುವುದಕ್ಕೂ ಆ ದೇಶದ ವೀಸಾ ಬೇಕು. ಯೂರೋಪಿನ ಕೆಲವು ನಿಲ್ದಾಣಗಳಲ್ಲೂ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಸಾವಿರಾರು ರೂಪಾಯಿ ಅಗ್ಗ ಅಂತ ಕಣ್ಣುಮುಚ್ಚಿ ಬುಕ್ ಮಾಡುವುದೂ ಪರಂಗಿ ಹಣ್ಣು ಕೊಟ್ಟ ಹಾಗೇ.

ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9 ಆದರೆ ಅಲ್ಲಿ ಬೆಳಿಗ್ಗೆ 10:30.

ಮುಳ್ಳಯ್ಯನಗಿರಿಗಿಂತ 700 ಮೀಟರ್ ಮೇಲೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಊಟಿ ಸುಮಾರು 2,240. ಬೊಗೋಟಾ ನಗರ 2,640 ಮೀಟರ್ ಎತ್ತರದ ಬಯಲಿನಲ್ಲಿದೆ. ಸುಮಾರು 80 ಲಕ್ಷ ಜನ ಆ ಎತ್ತರದಲ್ಲಿ ಬಸ್ಸಿಗೆ ಓಡುತ್ತಾರೆ, ಫುಟ್‌ಬಾಲ್ ಆಡುತ್ತಾರೆ. ಬಂದಿಳಿದ ನಮಗೆ ಮಾತ್ರ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ತಲೆನೋವು, ನಿದ್ದೆ ಬಾರದಿರುವುದು, ಹಸಿವು ಸತ್ತ ಹಾಗೆ ಆಗುವುದು ಮೊದಲ ಒಂದೆರಡು ದಿನ ಸಹಜ.

ಮೊದಲ ಎರಡು ದಿನವನ್ನು ದೇಹಕ್ಕೆ ಬಿಟ್ಟುಕೊಡಿ. ಹಗುರ ಊಟ, ಬೇಕಾದಷ್ಟು ನೀರು, ನಿಧಾನದ ನಡಿಗೆ. ಮದ್ಯ ಬೇಡ. ಬಿ.ಪಿ., ಹೃದಯದ ತೊಂದರೆ, ಆಸ್ತಮಾ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಮಾತ್ರೆಯನ್ನು ಕೈಚೀಲದಲ್ಲಿಡಿ. ಅಮ್ಮನನ್ನು ಮೊದಲೆರಡು ದಿನ ಮನೆಯ ಪಕ್ಕದ ಪಾರ್ಕಿನ ಬೆಂಚಿನವರೆಗೆ ಮಾತ್ರ ಕರೆದೊಯ್ದೆ. 'ಇಷ್ಟು ದೂರ ಬಂದು ಬೆಂಚಿನ ಮೇಲೆ ಕೂರೋದೇನೇ?' ಎಂದು ಗೊಣಗಿದರು. ಮೂರನೇ ದಿನ ನನಗಿಂತ ಚುರುಕಾಗಿ ನಡೆದರು. ಉಸಿರು ಕಟ್ಟಿದಂತಾಗುವುದು ಕೂತರೂ ಕಡಿಮೆಯಾಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅದಕ್ಕಾಗಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಮಾಡಿಸುವಾಗ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ.

ಹವಾಮಾನವನ್ನು ಹೀಗೆ ಊಹಿಸಿಕೊಳ್ಳಿ: ಬೆಂಗಳೂರಿನ ಜುಲೈ ಸಂಜೆ, ಇನ್ನೂ ಸ್ವಲ್ಪ ಚಳಿ, ವರ್ಷವಿಡೀ. ಸಮಭಾಜಕ ವೃತ್ತಕ್ಕೆ ಹತ್ತಿರವಾದ್ದರಿಂದ ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲ. ಯಾವ ತಿಂಗಳಾದರೂ ಸೂರ್ಯ ಹುಟ್ಟುವುದು ಸುಮಾರು ಆರಕ್ಕೆ, ಮುಳುಗುವುದೂ ಆರಕ್ಕೆ. ಹಗಲು 18-20 ಡಿಗ್ರಿ, ರಾತ್ರಿ 8-10ಕ್ಕೆ ಇಳಿಯುತ್ತದೆ. ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್‌ನಲ್ಲಿ ಮಳೆ ಜಾಸ್ತಿ. ಹೀಟರ್ ಇಲ್ಲದ ಮನೆ, ಹೋಟೆಲ್‌ಗಳೇ ಹೆಚ್ಚು. ದಪ್ಪ ಕೋಟು ಒಂದರ ಬದಲು ತೆಳು ಸ್ವೆಟರ್, ಅದರ ಮೇಲೊಂದು ಮಳೆ ಜಾಕೆಟ್ ಇದ್ದರೆ ಅನುಕೂಲ. ಮೋಡವಿದ್ದರೂ ಬಿಸಿಲು ಚುರುಕು, ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ.

ಅಡುಗೆ ಮಾಡಿಕೊಳ್ಳುವವರಿಗೆ ಎರಡು ಮಾತು. ಈ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಇಟ್ಟರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಕುಕ್ಕರ್ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಅಲ್ಲಿಯ ವಿದ್ಯುತ್ 110 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್. ನಮ್ಮ ಊರಿನ ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಒಯ್ದರೆ ಕಾಲು ಭಾಗದಷ್ಟೇ ಬಿಸಿಯಾಗುತ್ತವೆ, ಅನ್ನವಾಗುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ತೊಂದರೆಯಿಲ್ಲ, ಅಡಾಪ್ಟರ್ ಸಾಕು. ನಲ್ಲಿ ನೀರು ಕುಡಿಯಲು ಯೋಗ್ಯ.

ಗ್ರಾಫ್ ಪೇಪರ್ ಮೇಲಿನ ಊರು

ನಮ್ಮಲ್ಲಿ ವಿಳಾಸ ಎಂದರೆ 'ಗಣೇಶನ ಗುಡಿ ಹಿಂದೆ, ಹಳೇ ಹಾಲಿನ ಬೂತ್ ಎದುರು'. ಬೊಗೋಟಾದಲ್ಲಿ ಬರೀ ಅಂಕಿ. ಪೂರ್ವ-ಪಶ್ಚಿಮವಾಗಿ ಹೋಗುವ ರಸ್ತೆ 'ಕಾಯೆ'. ಊರ ನಡುವಿನಿಂದ ಉತ್ತರಕ್ಕೆ ಹೋದಂತೆ ಅದರ ಸಂಖ್ಯೆ ಏರುತ್ತದೆ. ಉತ್ತರ-ದಕ್ಷಿಣದ ರಸ್ತೆ 'ಕರೆರಾ'. ಬೆಟ್ಟದ ಬುಡದಿಂದ ಪಶ್ಚಿಮಕ್ಕೆ ಹೋದಂತೆ ಅದರ ಸಂಖ್ಯೆ ಏರುತ್ತದೆ. 'ಕಾಯೆ 70, ನಂಬರ್ 9-25' ಎಂದರೆ 70ನೇ ಕಾಯೆಯಲ್ಲಿ, 9ನೇ ಕರೆರಾ ಕೂಡುವ ಮೂಲೆಯಿಂದ ಸುಮಾರು 25 ಮೀಟರ್ ದೂರದ ಬಾಗಿಲು. ಇದೊಂದು ಅರ್ಥವಾದರೆ ಮ್ಯಾಪ್ ನೋಡುವ ಕೆಲಸ ಅರ್ಧ ಕಡಿಮೆ. ಪೂರ್ವಕ್ಕೆ ಉದ್ದಕ್ಕೂ ಬೆಟ್ಟದ ಸಾಲಿದೆ, ಅದು ಬಲಗಡೆ ಕಂಡರೆ ನೀವು ಉತ್ತರಕ್ಕೆ ಹೋಗುತ್ತಿದ್ದೀರಿ. ಮೊಬೈಲನ್ನು ಜೇಬಿನಲ್ಲೇ ಬಿಡಬಹುದು ಎಂಬುದು ಇದರ ದೊಡ್ಡ ಲಾಭ, ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಉಳಿಯಲು ಚಾಪಿನೇರೊದ ಮೇಲ್ಭಾಗ, ಪಾರ್ಕೆ 93ರ ಸುತ್ತಮುತ್ತ, ಊಸಾಕೆನ್ ಒಳ್ಳೆಯದು. ಹಳೆಯ ಊರಾದ ಲಾ ಕಾಂದೆಲಾರಿಯಾ ಹಗಲು ನೋಡಲು ಚೆಂದ, ಕತ್ತಲಾದ ಮೇಲೆ ಅಲ್ಲಿ ಅಡ್ಡಾಡುವುದು ಬೇಡ.

ಬೊಗೋಟಾದಲ್ಲಿ ಇನ್ನೂ ಮೆಟ್ರೊ ಓಡುತ್ತಿಲ್ಲ, ಮೊದಲ ಮಾರ್ಗದ ಕಾಮಗಾರಿ ನಡೆದಿದೆ. ಊರಿನ ಬೆನ್ನೆಲುಬು 2000ದಲ್ಲಿ ಶುರುವಾದ ಕೆಂಪು ಬಸ್ಸು, ಟ್ರಾನ್ಸ್‌ಮಿಲೇನಿಯೊ. ರಸ್ತೆಯ ನಡುವೆ ಅದಕ್ಕೇ ಮೀಸಲಾದ ಪಥ, ಎತ್ತರದ ನಿಲ್ದಾಣ, ಮೊದಲೇ ಟಿಕೆಟ್. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಹತ್ತಿದವರಿಗೆ ಇದು ಪರಿಚಿತ ಅನ್ನಿಸುತ್ತದೆ. ಜಗತ್ತಿನ ಅನೇಕ ನಗರಗಳು ಇಂಥ ಬಸ್ ಪಥ ಮಾಡುವಾಗ ನೋಡಿ ಬಂದದ್ದು ಬೊಗೋಟಾವನ್ನೇ. 'ತು ಯಾವೆ', ಅಂದರೆ 'ನಿನ್ನ ಕೀಲಿ' ಎಂಬ ಕಾರ್ಡು ಕೊಂಡು ರೀಚಾರ್ಜ್ ಮಾಡಿಸಿಕೊಳ್ಳಿ. ಬೆಳಿಗ್ಗೆ, ಸಂಜೆಯ ನೂಕುನುಗ್ಗಲು ಮುಂಬೈ ಲೋಕಲ್‌ಗೆ ಸಮ, ವಯಸ್ಸಾದವರ ಜತೆ ಆ ಹೊತ್ತು ಬೇಡ. ಏರ್‌ಪೋರ್ಟಿಗೆ ಹೊರಡುವಾಗ ಟ್ರಾಫಿಕ್ಕಿಗೆಂದು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಸಿಗ್ನಲ್‌ನಲ್ಲಿ ನಿಂತಾಗ ಸುತ್ತ ನೋಡಿ, ಬಜಾಜ್ ಪಲ್ಸರ್ ಕಂಡೇ ಕಾಣುತ್ತದೆ. ನಮ್ಮ ಪುಣೆಯ ಗಾಡಿ!

ಭಾನುವಾರ ಊರಲ್ಲಿರುವಂತೆ ಹೇಗಾದರೂ ಪ್ಲಾನ್ ಮಾಡಿ. 1974ರಿಂದ ನಡೆದು ಬಂದಿರುವ 'ಸಿಕ್ಲೋವಿಯಾ' ದಿನ ಅದು. ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಮುಖ್ಯರಸ್ತೆಗಳಲ್ಲಿ ಕಾರು, ಬಸ್ಸು ಬಂದ್. ಅಜ್ಜ ಅಜ್ಜಿ, ಮಕ್ಕಳು, ನಾಯಿ, ಸೈಕಲ್, ಹಣ್ಣಿನ ಗಾಡಿ, ಎಲ್ಲ ರಸ್ತೆಯ ನಡುವೆ. ಗುರುಗ್ರಾಮದ ರಾಹಗಿರಿಗೆ ಇದೇ ಸ್ಫೂರ್ತಿ. ಡ್ರಗ್ಸ್ ಸೀರಿಯಲ್ ನೋಡಿ ಹೆದರಿದವರಿಗೆ ಈ ಏಳು ಗಂಟೆಗಿಂತ ಒಳ್ಳೆಯ ಮದ್ದಿಲ್ಲ.

ಹಣ್ಣು ಎಲ್ಲೆಲ್ಲಿ ಕೊಡುತ್ತೇವೆ?

ಈಗ ಪರಂಗಿ ಹಣ್ಣಿನ ವಿಷಯ. ಬೊಗೋಟಾದಲ್ಲಿ ಸಾಮಾನ್ಯವಾಗಿ ನಡೆಯುವುದು ಮೊಬೈಲ್ ಕಸಿಯುವುದು. ರಸ್ತೆ ಬದಿ ನಿಂತು ಮ್ಯಾಪ್ ನೋಡುತ್ತಿರುವ ಕೈಯಿಂದ ಬೈಕಿನಲ್ಲಿ ಬಂದವರು ಎತ್ತಿಕೊಂಡು ಹೋಗುತ್ತಾರೆ. ಮ್ಯಾಪ್ ನೋಡಬೇಕೆಂದರೆ ಅಂಗಡಿಯೊಳಗೆ ಹೋಗಿ ನೋಡಿ. ಬ್ಯಾಗು ಎದೆಯ ಮೇಲಿರಲಿ. ಹೋಟೆಲಿನ ಟೇಬಲ್ ಮೇಲೆ ಫೋನಿಟ್ಟು ಹರಟಬೇಡಿ.

ನಮ್ಮ ಹೆಂಗಸರಿಗೆ ವಿಶೇಷವಾಗಿ: ಚಿನ್ನದ ಸರ, ಬಳೆ ಊರಲ್ಲೇ ಬಿಟ್ಟು ಬನ್ನಿ. ಮಾಂಗಲ್ಯ ತೆಗೆಯಲು ಮನಸ್ಸು ಬಾರದಿದ್ದರೆ ತಾಳಿಯನ್ನು ದಾರಕ್ಕೋ ಸಣ್ಣ ಕರಿಮಣಿಗೋ ಪೋಣಿಸಿ, ಕತ್ತಿನವರೆಗೆ ಮುಚ್ಚುವ ಬಟ್ಟೆಯೊಳಗೆ ಹಾಕಿಕೊಳ್ಳಿ. ಅಮ್ಮ ಅರಿಸಿನ ದಾರದಲ್ಲೇ ಎರಡು ವಾರ ಕಳೆದರು, ನಿಶ್ಚಿಂತೆಯಾಗಿ.

ರಾತ್ರಿ ಹೊತ್ತು ರಸ್ತೆಯಲ್ಲಿ ಕೈ ಅಡ್ಡ ಹಾಕಿ ಟ್ಯಾಕ್ಸಿ ಹಿಡಿಯಬೇಡಿ. ದಾರಿಯಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡು, ಎಟಿಎಂನಿಂದ ಎಟಿಎಂಗೆ ಸುತ್ತಿಸಿ ದುಡ್ಡು ತೆಗೆಸುವ ದಂಧೆಗೆ ಅಲ್ಲಿ ಒಂದು ಹೆಸರೇ ಇದೆ, 'ಪಸೇಯೊ ಮಿಯೊನಾರಿಯೊ', ಅಂದರೆ ಕೋಟ್ಯಧಿಪತಿಯ ಸವಾರಿ. ಆ್ಯಪ್‌ನಲ್ಲಿ ಕರೆಸಿ, ನಂಬರ್ ಪ್ಲೇಟ್ ತಾಳೆ ನೋಡಿ ಹತ್ತಿ. ಹಣವನ್ನು ಮಾಲ್ ಅಥವಾ ಬ್ಯಾಂಕಿನೊಳಗಿನ ಎಟಿಎಂನಲ್ಲೇ ತೆಗೆಯಿರಿ.

ಒಂಟಿಯಾಗಿ ಹೋಗುವ ಹುಡುಗರಿಗೆ, ಅದರಲ್ಲೂ ಪ್ರಾಜೆಕ್ಟಿಗೆ ಹೋಗುವ ನಮ್ಮ ಐಟಿಯವರಿಗೆ ಒಂದು ಗಂಭೀರ ಮಾತು. ಸ್ಕೋಪೊಲಮೈನ್ ಎಂಬ ಔಷಧವನ್ನು ಪಾನೀಯದಲ್ಲಿ ಬೆರೆಸಿ, ಎಚ್ಚರವಿದ್ದೂ ಇಲ್ಲದಂತೆ ಮಾಡಿ ದೋಚುವುದು ಅಲ್ಲಿ ನಡೆಯುತ್ತದೆ. ಡೇಟಿಂಗ್ ಆ್ಯಪ್ ಮೂಲಕ ಭೇಟಿಯಾದವರಿಂದ ಹೀಗೆ ಸುಲಿಗೆಯಾಗಿ ಪ್ರಾಣ ಕಳೆದುಕೊಂಡ ವಿದೇಶಿಯರೂ ಇದ್ದಾರೆ. ಅಪರಿಚಿತರು ಕೊಟ್ಟದ್ದನ್ನು ಕುಡಿಯಬೇಡಿ, ನಿಮ್ಮ ಲೋಟವನ್ನು ಬಿಟ್ಟು ಎದ್ದುಹೋಗಬೇಡಿ, ಆ್ಯಪ್ ಗೆಳೆಯರನ್ನು ಮನೆಗೆ ಕರೆಯಬೇಡಿ. ಯಾರಾದರೂ ಬೆದರಿಸಿ ಫೋನ್ ಕೇಳಿದರೆ ಕೊಟ್ಟುಬಿಡಿ, ಎದುರಾಡಬೇಡಿ. ತುರ್ತು ಸಹಾಯದ ಸಂಖ್ಯೆ 123.

ಇದನ್ನೆಲ್ಲ ಓದಿ ಹಿಂಜರಿಯಬೇಡಿ. ಐದು ತಿಂಗಳಲ್ಲಿ ನಾನು ಕಳೆದುಕೊಂಡದ್ದು ಒಂದು ಛತ್ರಿ, ಅದೂ ಮಳೆಗಾಳಿಗೆ. ಎಚ್ಚರ ಅಲ್ಲಿ ಎಲ್ಲರಿಗೂ ರೂಢಿ. ಮುಂಬೈಯಲ್ಲಿ ಲೋಕಲ್ ಹತ್ತುವಾಗ ಪರ್ಸನ್ನು ಮುಂದಿನ ಜೇಬಿಗೆ ಹಾಕಿಕೊಳ್ಳುತ್ತೀರಲ್ಲ, ಅದನ್ನೇ ಇನ್ನಷ್ಟು ಹೊತ್ತು ಮಾಡಬೇಕು, ಅಷ್ಟೆ.

ಇನ್ನೊಂದು. ಪಾಬ್ಲೊ ಎಸ್ಕೋಬಾರ್ ಬಗ್ಗೆ ತಮಾಷೆ ಬೇಡ. 1989ರ ನವೆಂಬರ್‌ನಲ್ಲಿ ಬೊಗೋಟಾದಿಂದ ಹೊರಟ ಪ್ರಯಾಣಿಕ ವಿಮಾನವನ್ನೇ ಅವನ ಗುಂಪು ಸ್ಫೋಟಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ನಿಮ್ಮ ಎದುರು ಕುಳಿತು ಕಾಫಿ ಕುಡಿಯುತ್ತಿರುವವರ ಮನೆಯಲ್ಲೇ ಯಾರೋ ಸತ್ತಿರಬಹುದು. ಮುಂಬೈಯಲ್ಲಿ 26/11 ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಕಾಹಾರಿಗಳಿಗೆ ಏನು ಸಿಗುತ್ತದೆ?

'ಸೋಯ್ ವೆಖೆತರಿಯಾನೊ' (ಹೆಂಗಸರು 'ವೆಖೆತರಿಯಾನಾ') ಎಂದರೆ 'ನಾನು ಶಾಕಾಹಾರಿ'. ಇಷ್ಟೇ ಹೇಳಿ ಸುಮ್ಮನಾಗಬೇಡಿ. ಅಲ್ಲಿ 'ಕಾರ್ನೆ', ಅಂದರೆ ಮಾಂಸ, ಎಂದಾಗ ಬಹಳ ಜನರ ಮನಸ್ಸಿಗೆ ಬರುವುದು ದನದ ಮಾಂಸ ಮಾತ್ರ. ಕೋಳಿ ತಂದಿಟ್ಟು ನಗುತ್ತಾ ನಿಲ್ಲುತ್ತಾರೆ. ಹಾಗಾಗಿ ಪೂರ್ತಿ ಪಟ್ಟಿ ಹೇಳಿ: 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಕಾಲ್ದೊ'. ಮಾಂಸ, ಕೋಳಿ, ಮೀನು, ಮಾಂಸದ ಸಾರು, ಯಾವುದೂ ಬೇಡ. ಮೊಟ್ಟೆಯೂ ಬೇಡದಿದ್ದರೆ 'ಸಿನ್ ಉವೇವೊ' ಸೇರಿಸಿ. ಹುರುಳಿಕಾಯಿ ಬೀಜದ ಪಲ್ಯದಂಥದ್ದು ಕಂಡರೆ ಖುಷಿಪಡುವ ಮುನ್ನ ಕೇಳಿ, ಹಂದಿಮಾಂಸ ಹಾಕಿ ಬೇಯಿಸುವುದೇ ಅಲ್ಲಿ ರೂಢಿ.

ನೆಚ್ಚಬಹುದಾದವು: ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ 'ಅರೇಪಾ', ಬಾಳೆಕಾಯಿಯನ್ನು ಜಜ್ಜಿ ಕರಿದ 'ಪಟಕೋನ್', ಬಗೆಬಗೆಯ ಆಲೂಗೆಡ್ಡೆ, ಅನ್ನ, ಬೆಣ್ಣೆಹಣ್ಣು. ಎಲ್ಲ ಸಪ್ಪೆ ಅನ್ನಿಸಿದರೆ 'ಅಹೀ' ಕೇಳಿ, ಹಸಿಮೆಣಸಿನ ಚಟ್ನಿ ತಂದುಕೊಡುತ್ತಾರೆ. ಬೊಗೋಟಾದಲ್ಲೇ 1980ರಲ್ಲಿ ಶುರುವಾದ ಕ್ರೆಪೆಸ್ ಅಂಡ್ ವಾಫಲ್ಸ್ ಹೋಟೆಲುಗಳಲ್ಲಿ ತರಕಾರಿಯ ತಿನಿಸು ಸುಲಭವಾಗಿ ಸಿಗುತ್ತದೆ, ಕೆಲಸ ಮಾಡುವವರು ಬಹುಪಾಲು ಹೆಂಗಸರೇ. ಬಿಸಿ ಚಾಕೊಲೇಟ್ ಪಾನೀಯದಲ್ಲಿ ಚೀಸ್ ತುಂಡು ಮುಳುಗಿಸಿ ತಿನ್ನುವುದು ಆ ಊರಿನ ಸಂಜೆಯ ಪದ್ಧತಿ, ಒಮ್ಮೆ ಧೈರ್ಯ ಮಾಡಿ.

ಅಮ್ಮನಿಗೆ ಹಿಡಿಸಿದ್ದು 'ಅಗ್ವಾಪನೇಲಾ'. ಒಂದು ಗುಟುಕು ಕುಡಿದವರೇ, 'ಇದು ನಮ್ಮ ಬೆಲ್ಲದ ನೀರೇ ಅಲ್ವೇನೇ?' ಎಂದರು. ಹೌದು, ಪನೇಲಾ ಎಂದರೆ ಅಚ್ಚುಬೆಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಬೆಲ್ಲ ಮಾಡುವುದು ಭಾರತ, ಅದರ ನಂತರ ಕೊಲಂಬಿಯಾ. ನಿಂಬೆರಸ ಹಿಂಡಿ ಬಿಸಿಬಿಸಿಯಾಗಿ ಕೊಡುತ್ತಾರೆ, ಚಳಿಗೆ, ಎತ್ತರದ ಆಯಾಸಕ್ಕೆ ಹಿತ.

ಪಲೋಕೆಮಾವೊ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ. ಸೀಬೆ, ಸೀತಾಫಲದ ಬಳಗ, ದೆಹಲಿಯವರು ರಸಭರಿ ಎನ್ನುವ ಹಣ್ಣು, ಹುಳಿ ಕಿತ್ತಳೆಯಂತೆ ಕಾಣುವ ಲೂಲೊ, ಮತ್ತೆ ಪರಂಗಿ. ಹೆಸರೇ ಹೇಳುವಂತೆ ಪರಂಗಿಯವರು ನಮಗೆ ತಂದುಕೊಟ್ಟ ಹಣ್ಣು ಅದು. ಆಲೂಗೆಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ, ಕಡಲೆಕಾಯಿ ಎಲ್ಲದರ ತವರು ಅಮೆರಿಕ ಖಂಡಗಳೇ. 'ಅದಕ್ಕೇ ಶ್ರಾದ್ಧದ ಅಡಿಗೆಗೆ ಇವನ್ನೆಲ್ಲ ಹಾಕಲ್ಲ' ಎಂದು ಅಮ್ಮ ಮಾರುಕಟ್ಟೆಯ ನಡುವೆ ನಿಂತು ಲೆಕ್ಕ ಒಪ್ಪಿಸಿದರು.

ಕಾಫಿಪುಡಿ, ಬೀಜ ಬೇಕಾದಷ್ಟು ತನ್ನಿ. ಕೋಕಾ ಎಲೆಯ ಚಹಾ ಪೊಟ್ಟಣ ಮಾತ್ರ ನೆನಪಿಗೆಂದೂ ತರಬೇಡಿ. ಭಾರತದಲ್ಲಿ ಕೋಕಾ ಎಲೆ ಮಾದಕವಸ್ತು ಕಾಯ್ದೆಯಡಿ ಅಪರಾಧ.

ದುಡ್ಡು

ಅಲ್ಲಿನ ಹಣ ಪೆಸೊ. ನಮ್ಮ ಒಂದು ರೂಪಾಯಿಗೆ ಸುಮಾರು 40ರಿಂದ 50 ಪೆಸೊ. ಬೆಲೆಪಟ್ಟಿಯಲ್ಲಿ ಡಾಲರ್ ಚಿಹ್ನೆ ಕಂಡು ಗಾಬರಿಯಾಗಬೇಡಿ, ಪೆಸೊಗೂ ಅದೇ ಚಿಹ್ನೆ. ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕೆ ಇಡುತ್ತಾರೆ, 20.000 ಎಂದರೆ ಇಪ್ಪತ್ತು ಸಾವಿರ. ರೂಪಾಯಿ ಬದಲಾಯಿಸಲು ಆಗುವುದಿಲ್ಲ, ಯುಪಿಐ ನಡೆಯುವುದಿಲ್ಲ. ಸ್ವಲ್ಪ ಡಾಲರ್, ಎರಡು ಬೇರೆ ಬ್ಯಾಂಕಿನ ಕಾರ್ಡು ಇರಲಿ, ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ವಿದೇಶಿ ಪ್ರವಾಸಿಗರಿಗೆ ಹೋಟೆಲ್ ಕೋಣೆಯ ಮೇಲಿನ 19% ತೆರಿಗೆ ಮಾಫಿ ಇದೆ. ಪಾಸ್‌ಪೋರ್ಟಿನ ಮೊಹರು ತೋರಿಸಿ ಕೇಳಿ, ಕೇಳದಿದ್ದರೆ ಕೆಲವರು ಬಿಲ್ಲಿಗೆ ಸೇರಿಸುತ್ತಾರೆ.

ನಾಲ್ಕೈದು ದಿನ ಸಾಕು

ಬಂಗಾರದ ಮ್ಯೂಸಿಯಂ ತಪ್ಪಿಸಬೇಡಿ. ಮುಯಿಸ್ಕಾ ಎಂಬ ಮೂಲನಿವಾಸಿಗಳ ಚಿನ್ನದ ತೆಪ್ಪ ಅಲ್ಲಿದೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಮೈಗೆ ಚಿನ್ನದ ಪುಡಿ ಬಳಿದುಕೊಂಡು ಕೆರೆಯ ನಡುವೆ ಹೋಗುತ್ತಿದ್ದ ಅರಸನ ಕತೆಯೇ 'ಎಲ್ ದೊರಾದೊ'. ಅದರ ಆಸೆಗೆ ಬಿದ್ದು ಸ್ಪೇನಿನವರು ಒಂದು ಖಂಡವನ್ನೇ ಅಗೆದರು. ಈ ಮ್ಯೂಸಿಯಂಗೆ ಸೋಮವಾರ ರಜೆ. ಹತ್ತಿರದಲ್ಲೇ ಬೊತೇರೊ ಮ್ಯೂಸಿಯಂ, ಪ್ರವೇಶ ಉಚಿತ, ಮಂಗಳವಾರ ರಜೆ. ಗುಂಡುಗುಂಡಾದ ಮನುಷ್ಯರನ್ನು ಬರೆದ ಫರ್ನಾಂಡೊ ಬೊತೇರೊ ತನ್ನ 123 ಕೃತಿ, ತಾನು ಸಂಗ್ರಹಿಸಿದ ಇತರರ 85 ಕೃತಿಗಳನ್ನು ದೇಶಕ್ಕೆ ಕೊಟ್ಟ. ಪಿಕಾಸೊ, ಮೊನೆ ಚಿತ್ರಗಳನ್ನು ಬಿಡಿಗಾಸಿಲ್ಲದೆ ನೋಡಬಹುದು.

3,152 ಮೀಟರ್ ಎತ್ತರದ ಮೊನ್ಸೆರಾತೆ ಬೆಟ್ಟವನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ, ಆಗ ಉಸಿರು ಹೊಂದಿಕೊಂಡಿರುತ್ತದೆ. 1929ರಿಂದ ಓಡುತ್ತಿರುವ ಹಗ್ಗದ ರೈಲು, 1955ರ ಕೇಬಲ್ ಕಾರ್ ಎರಡೂ ಇವೆ. ಮೆಟ್ಟಿಲು ಹತ್ತುವವರು ಜನರಿರುವ ಬೆಳಗಿನ ಹೊತ್ತಿನಲ್ಲೇ ಹತ್ತಿ. ಒಂದು ದಿನ ಸಿಕ್ಕರೆ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಸಿಪಾಕಿರಾಕ್ಕೆ ಹೋಗಿ. ಉಪ್ಪಿನ ಗಣಿಯೊಳಗೆ, ಸುಮಾರು 180 ಮೀಟರ್ ಆಳದಲ್ಲಿ, ಉಪ್ಪನ್ನೇ ಕಡೆದು ಮಾಡಿದ ಚರ್ಚ್ ಇದೆ. ನೊಬೆಲ್ ಪಡೆದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ ಹೈಸ್ಕೂಲ್ ಓದಿದ್ದೂ ಅದೇ ಊರಿನಲ್ಲಿ. ಗಣಿಯೊಳಗೆ ನಡಿಗೆ ಜಾಸ್ತಿ, ಮಂಡಿನೋವಿರುವವರು ಯೋಚಿಸಿ.

ನೀವು, ತಾವು, ಸುಮೆರ್ಸೆ

ಇಂಗ್ಲಿಷ್ ನೆಚ್ಚಿಕೊಂಡರೆ ಬೊಗೋಟಾದಲ್ಲಿ ಕೆಲಸ ನಡೆಯುವುದಿಲ್ಲ. ಅನುವಾದದ ಆ್ಯಪ್‌ನಲ್ಲಿ ಸ್ಪ್ಯಾನಿಷನ್ನು ಆಫ್‌ಲೈನ್ ಡೌನ್‌ಲೋಡ್ ಮಾಡಿಕೊಳ್ಳಿ, ನಾಲ್ಕು ಮಾತು ಕಲಿಯಿರಿ. ಕಲಿಯುವಾಗ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸ್ಪ್ಯಾನಿಷ್‌ನಲ್ಲೂ ನೀನು, ನೀವು ಬೇರೆಬೇರೆ: 'ತು', 'ಉಸ್ತೆದ್'. ಬೊಗೋಟಾದವರು ಗೆಳೆಯರಿಗೆ, ಗಂಡ ಹೆಂಡತಿ ಪರಸ್ಪರ, ಮಕ್ಕಳಿಗೂ ಎಷ್ಟೋ ಸಲ 'ಉಸ್ತೆದ್' ಎಂದೇ ಹೇಳುತ್ತಾರೆ. ಅದರ ಮೇಲೆ 'ಸುಮೆರ್ಸೆ' ಎಂಬ ಇನ್ನೊಂದು ಪದ, ಹಳೆಯ ಕಾಲದ 'ತಮ್ಮ ಕೃಪೆ' ಎಂಬುದು ಸವೆದು ಉಳಿದದ್ದು. ಗೌರವ, ಅಕ್ಕರೆ ಎರಡೂ ಸೇರಿದ ಮಾತು, ನಮ್ಮ ಉತ್ತರ ಕರ್ನಾಟಕದವರ 'ರೀ'ಗೆ ಹತ್ತಿರ. ನಮ್ಮ ಕಟ್ಟಡದ ಕಾವಲುಗಾರ ಅಮ್ಮನನ್ನು ದಿನಾ 'ಸುಮೆರ್ಸೆ' ಎಂದು ಕರೆದು ಬಾಗಿಲು ತೆರೆಯುತ್ತಿದ್ದರು. ಅಮ್ಮ ಅಚ್ಚಕನ್ನಡದಲ್ಲಿ 'ತಿಂಡಿ ಆಯ್ತೇನಪ್ಪಾ?' ಎನ್ನುತ್ತಿದ್ದರು. ಇಬ್ಬರಿಗೂ ಏನೂ ಅರ್ಥವಾಗದೆ ಎಲ್ಲ ಅರ್ಥವಾಗುತ್ತಿತ್ತು.

ಬೊಗೋಟಾವನ್ನೇ ನೋಡಲೆಂದು ಇಲ್ಲಿಂದ ಎರಡು ದಿನ ಪ್ರಯಾಣ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕೆಲಸದ ಮೇಲೆ ಕಳಿಸಿದರೆ ಹೆದರಿ ಬೇಡ ಎನ್ನಬೇಡಿ. ಮಗನ, ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಐದು ದಿನ ಬಿಡುವು ಮಾಡಿಕೊಳ್ಳಬಹುದಾದರೆ ಖಂಡಿತ ಹೋಗಿ. ಹೊರಡುವ ಮೊದಲು ಹಳದಿ ಕಾರ್ಡು, ವೀಸಾದ 180 ದಿನ, ಡಾಕ್ಟರ ಮಾತು, ಈ ಮೂರನ್ನು ಸರಿಮಾಡಿಕೊಳ್ಳಿ. ಆಮೇಲೆ ಪರಂಗಿ ಹಣ್ಣನ್ನು ಪಲೋಕೆಮಾವೊ ಮಾರುಕಟ್ಟೆಯಲ್ಲಿ ಕೊಂಡು ನೀವೇ ತಿನ್ನಿ.